ಟೆನಿಸ್ ಹುಡುಗಿಯ ಮಂಡಿ, ನಮ್ಮ ಕ್ರಿಸ್‌ಮಸ್ ರಜೆ

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಮೈಸೂರಿನಲ್ಲಿದ್ದಾಗ ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುತ್ತಿದ್ದೆ. ಮುಖ ಸಿಂಡರಿಸಿಕೊಂಡು ಬಂದರೆ, ಬೆರೆಸುವುದಕ್ಕೆ ಆಗಲಿಲ್ಲವಲ್ಲ ಎಂಬ ಬೇಸರವಿರಬೇಕು ಎಂದುಕೊಳ್ಳುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ನನ್ನ ಹೆಂಡತಿ ಶಶಿಕಲಾ ಆಗಾಗ ಹಂಗಿಸುತ್ತಾಳೆ. ನಾನು ಡಾಕ್ಟರು. ಕಾಮಾಲೆಯಾದವರಿಗೆ ಹಾಗೇನೂ ಲೋಕವೆಲ್ಲ ಹಳದಿಯಾಗಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ಆ ಗಾದೆ ಕಟ್ಟಿದವನ ಮೇಲೂ ನನಗೊಂದು ಅನುಮಾನವಿದೆ.

ಇಂಥವನು ಇಂಗ್ಲೆಂಡಿಗೆ ಬಂದು ಬಾಳುವುದು ಬಹಳ ಕಷ್ಟ. ಇಲ್ಲಿನ ಜನ ಕಾರಣವೇ ಇಲ್ಲದೆ ಒಳ್ಳೆಯವರಾಗಿರುತ್ತಾರೆ. ಶೆಫೀಲ್ಡಿಗೆ ಬಂದ ಮೊದಲ ದಿನ ಬಸ್ಸಿನ ಡ್ರೈವರು, ಮೀಸೆ ಹೊತ್ತ ಭಾರಿ ಆಳು, ನನ್ನನ್ನು "ಲವ್" ಎಂದು ಕರೆದ. ನಾನು ತಕ್ಷಣ ಜೇಬು ಮುಟ್ಟಿ ನೋಡಿಕೊಂಡೆ. ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ ಎಂದು ಆಮೇಲೆ ತಿಳಿಯಿತು. ಬ್ರೂಮ್‌ಹಿಲ್‌ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ, ನಾನು ಡ್ಯೂಟಿಯಲ್ಲಿದ್ದ ದಿನ ನಮ್ಮ ಕಸದ ಬಿನ್ನನ್ನು ತಾನೇ ರಸ್ತೆಗೆ ಎಳೆದಿಡುತ್ತಿದ್ದಳು. ತನ್ನ ಹಳೆಯ ಬಿನ್ನನ್ನು ನಮಗೆ ದಾಟಿಸಿ ನಮ್ಮದನ್ನು ಇಟ್ಟುಕೊಂಡಳೇನೋ ಎಂದು ನಾನು ಹೋಗಿ ಗುರುತು ನೋಡಿ ಬರುತ್ತಿದ್ದೆ. ಅದು ನಮ್ಮದೇ ಆಗಿರುತ್ತಿತ್ತು, ಅದೂ ತೊಳೆದಿಟ್ಟದ್ದು. ತೊಳೆದದ್ದೇಕೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ನಮ್ಮ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಡಿಸೆಂಬರಿನ ರಜೆಗಾಗಿ ಡಾಕ್ಟರುಗಳ ನಡುವೆ ಪ್ರತಿ ವರ್ಷ ಮಹಾಭಾರತ ನಡೆಯುತ್ತಿತ್ತು, ಏಕೆಂದರೆ ರೋಟಾದಲ್ಲಿ, ಅಂದರೆ ಡ್ಯೂಟಿಯ ಪಾಳಿಪಟ್ಟಿಯಲ್ಲಿ, ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಉದ್ದ ರಜೆ. ಜಗಳ ಬಿಡಿಸಿ ಸಾಕಾದ ನಮ್ಮ ಬಾಸ್, ಯಾರ್ಕ್‌ಶೈರಿನ ಹಳೆಯ ಹುಲಿ, ಒಂದು ಉಪಾಯ ಹೂಡಿದ್ದರು. ಜೂನ್ ಕೊನೆಗೆ ಲಂಡನ್ನಿನಲ್ಲಿ ಹುಲ್ಲಿನ ಮೇಲೆ ನಡೆಯುತ್ತದಲ್ಲ ದೊಡ್ಡ ಟೆನಿಸ್, ಅದರಲ್ಲಿ ಹೆಂಗಸರ ಪಂದ್ಯ ಯಾರು ಗೆಲ್ಲುತ್ತಾರೆಂದು ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳಬೇಕು. ಒಂದು ಹೆಸರು ಒಬ್ಬರಿಗೇ. ಮೊದಲು ಹೇಳಿದವರದು ಆ ಹೆಸರು. ಗೆದ್ದವಳ ಹೆಸರು ಹೇಳಿದವರು ಡಿಸೆಂಬರಿನ ರಜೆಯನ್ನು ಮೊದಲು ಆರಿಸಿಕೊಳ್ಳಬೇಕು, ಫೈನಲ್ಲಿನಲ್ಲಿ ಸೋತವಳ ಕಡೆಯವರು ಎರಡನೆಯವರು. ಉಳಿದವರು ಮಿಕ್ಕದ್ದನ್ನು ಹಂಚಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲಿಯತನಕ ನಾನು ಯಾವಾಗಲೂ ಮಿಕ್ಕದ್ದನ್ನು ಹಂಚಿಕೊಂಡವನೇ.

ಆದರೆ ಆ ವರ್ಷ ಮಿಕ್ಕದ್ದು ಸಾಲುತ್ತಿರಲಿಲ್ಲ. ಶಶಿಕಲಾಳ ಒಬ್ಬನೇ ತಮ್ಮನಿಗೆ ಉಡುಪಿಯಲ್ಲಿ ಹೆಣ್ಣು ಗೊತ್ತಾಗಿತ್ತು. ನವೆಂಬರಿನ ಕೊನೆಗೆ ಹುಡುಗಿಯ ಪರೀಕ್ಷೆ ಮುಗಿಯುತ್ತದೆ, ಡಿಸೆಂಬರಿನಲ್ಲಿ ಮದುವೆ, ಅದನ್ನು ದಾಟಿಸಲು ಹುಡುಗಿಯ ಮನೆಯವರು ಒಪ್ಪುವುದಿಲ್ಲ, ನಿಮಗೆ ರಜೆ ಸಿಕ್ಕ ಮೇಲೆ ಮುಹೂರ್ತ ನೋಡಿಸುತ್ತೇನೆ ಎಂದು ಮಾವನವರು ಫೋನಿನಲ್ಲಿ ಹೇಳಿದ್ದರು. ಎರಡು ವರ್ಷದ ಹಿಂದೆ ಅವಳ ತಂಗಿಯ ಮದುವೆಗೆ ನನ್ನ ರೋಟಾದಿಂದಾಗಿ ನಾವು ಹೋಗಿರಲಿಲ್ಲ. ಊರಿನಿಂದ ಬಂದ ಕ್ಯಾಸೆಟ್ಟನ್ನು ಟಿವಿಯಲ್ಲಿ ಹಾಕಿಕೊಂಡು, ಧಾರೆಯ ಹೊತ್ತಿಗೆ ಶಶಿಕಲಾ ಒಬ್ಬಳೇ ಸೋಫಾದ ಮೇಲೆ ಕೂತು ಅಕ್ಷತೆ ಹಿಡಿದವಳಂತೆ ಕೈ ಮುಚ್ಚಿಕೊಂಡಿದ್ದಳು. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಈ ಸಲವೂ ಹಾಗಾದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆದ್ದರಿಂದ ಈಸ್ಟರ್ ಹೊತ್ತಿಗೇ ನಾನು ಹುಡುಗಿಯರನ್ನು ನೋಡತೊಡಗಿದೆ. ಟಿವಿಯಲ್ಲಿ, ಎಂದು ಬೇರೆ ಹೇಳಬೇಕಾಗಿಲ್ಲ. ಟೆನಿಸ್ಸಿನ ಗಂಧಗಾಳಿ ನನಗಿಲ್ಲ. ಆದರೆ ಮಂಡಿ ನನ್ನ ಕಸುಬು. ಮಂಡಿಯ ಬಗ್ಗೆ ನನಗಿರುವಷ್ಟು ಅನುಮಾನ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕೊವೆಂಟ್ರಿಯಲ್ಲಿ ಒಬ್ಬ ಸ್ನೇಹಿತರ ಮನೆಗೆ ಹೋಗಿದ್ದಾಗ ಯಾವುದೋ ಸಣ್ಣ ಪಂದ್ಯ ಬರುತ್ತಿತ್ತು. ಉದ್ದ ಜಡೆಯ ಒಬ್ಬ ಹುಡುಗಿ ಸೋತಳು. ಪಂದ್ಯದ ನಡುವೆ ಇಬ್ಬರೂ ಕುರ್ಚಿಯಲ್ಲಿ ಕೂತು ಏಳುವಾಗ ನಾನು ಗಮನಿಸಿದ್ದೆ: ಗೆಲ್ಲುತ್ತಿದ್ದವಳು ತೊಡೆಯ ಮೇಲೆ ಕೈಯೂರಿ ಎದ್ದಳು, ಸೋಲುತ್ತಿದ್ದವಳು ಕೈಯೂರದೆ ಎದ್ದಳು. ಗೆದ್ದವಳ ಮಂಡಿ ಜೂನ್ ತನಕ ಬರುವುದಿಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಮಂಗಳವಾರ ಆಸ್ಪತ್ರೆಗೆ ಹೋಗಿ ಸೋತವಳ ಹೆಸರು ಹೇಳಿದೆ. ಬಾಯಲ್ಲಿ ಹೊರಳದ ಹೆಸರು. ಬಾಸ್ ಎರಡು ಸಲ ಕೇಳಿ, ಬರೆದುಕೊಂಡು, ನನ್ನ ಆರೋಗ್ಯ ವಿಚಾರಿಸಿದರು. ಮನೆಯಲ್ಲಿ ಶಶಿಕಲಾ, "ಎಂತದು ಮಾರಾಯ್ರೆ, ಗೆಲ್ಲುವವರು ಅಷ್ಟು ಮಂದಿ ಇದ್ದಾರೆ, ನಿಮಗೆ ಸೋತವಳೇ ಸಿಕ್ಕಿದ್ದಾ?" ಎಂದಳು.

ನನ್ನ ಜೊತೆಗೆ ಕೆಲಸ ಮಾಡುವ ಕುಲಕರ್ಣಿ ಧಾರವಾಡದವರು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ, ಅನುಮಾನಕ್ಕೆ ನನಗೆ ಅಷ್ಟೇ ಸಾಕು. ಅವರು ಹೇಳಿದ್ದು ಎಲ್ಲ ಪತ್ರಿಕೆಗಳೂ ಗೆಲ್ಲುತ್ತಾಳೆ ಎನ್ನುತ್ತಿದ್ದ ಹುಡುಗಿಯ ಹೆಸರು. ನನ್ನ ಆಯ್ಕೆ ಕೇಳಿ ಅವರು ನಗಲಿಲ್ಲ. "ಭಾಳ ಛಲೋ ಆರಿಸೀರಿ ಡಾಕ್ಟರ" ಎಂದರು. ಎಲ್ಲರೂ ನಗುವಾಗ ಒಬ್ಬ ನಗಲಿಲ್ಲ ಎಂದರೆ ಅವನ ಮೇಲೆ ಕಣ್ಣಿಡಬೇಕು.

ಟೆನಿಸ್ ಶುರುವಾಯಿತು. ಮೊದಲ ಪಂದ್ಯದಲ್ಲಿ ನನ್ನವಳು ಗೆದ್ದಳು. ಎದುರಾಳಿಗೆ ಹಿಂದಿನ ದಿನ ಜ್ವರ ಬಂದಿರಬೇಕು ಎಂದುಕೊಂಡೆ. ಎರಡನೆಯದರಲ್ಲಿ ಸೋಲುವ ಹೊತ್ತಿಗೆ ಮಳೆ ಬಂತು, ಮಳೆ ನಿಂತ ಮೇಲೆ ಗೆದ್ದಳು. ಇಂಗ್ಲೆಂಡಿನ ಮಳೆ ಯಾರ ಪರವಾಗಿಯೂ ಬರುವುದಲ್ಲ, ಇದರಲ್ಲೇನೋ ಇದೆ ಎಂದುಕೊಂಡೆ. ಮೂರನೆಯ ಪಂದ್ಯಕ್ಕೆ ಅವಳು ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದಳು. ಟಿವಿಯ ಮುಂದೆ ನೆಲದ ಮೇಲೆ ಕೂತು ಅವಳು ಎಡಕ್ಕೆ ತಿರುಗುವುದನ್ನೂ ಬಲಕ್ಕೆ ತಿರುಗುವುದನ್ನೂ ಪರೀಕ್ಷಿಸಿದೆ. "ಬಗ್ಗು, ಇನ್ನೊಂಚೂರು ಬಗ್ಗು" ಎಂದು ನಾನು ಕೂಗುವುದು ಕೇಳಿ ನಮ್ಮ ಮಗಳು ಮೆಟ್ಟಿಲ ಮೇಲಿಂದಲೇ, "ಅಪ್ಪಾ, ಶೀ ಈಸ್ ಫೈನ್, ಲೀವ್ ಹರ್ ಅಲೋನ್!" ಎಂದಳು. ನನ್ನವಳೇ ಗೆದ್ದಳು. ಆಮೇಲೂ ಗೆದ್ದಳು. ಆಸ್ಪತ್ರೆಯಲ್ಲಿ ನಗುತ್ತಿದ್ದವರು ನನ್ನನ್ನು ಗೌರವದಿಂದ ನೋಡತೊಡಗಿದರು. ಆ ಗೌರವ ನನಗೆ ಕಿಂಚಿತ್ತೂ ಹಿಡಿಸಲಿಲ್ಲ.

ಸೆಮಿಫೈನಲ್ಲಿನ ದಿನ ಕುಲಕರ್ಣಿ ಒಂದು ಡಬ್ಬಿ ಶೇಂಗಾ ಹೋಳಿಗೆ ತಂದು ನನ್ನ ಕೈಗಿತ್ತರು. "ಮನ್ಯಾಗ ಮಾಡಿದ್ರು, ಮಕ್ಕಳಿಗೆ ಕೊಡ್ರಿ." ಯಾವ ಹಬ್ಬವೂ ಇಲ್ಲದೆ ಹೋಳಿಗೆ! ಇದನ್ನು ತಿಂದರೆ ನಾಳೆ ಹೆಸರು ಅದಲುಬದಲು ಮಾಡಿಕೊಳ್ಳೋಣ ಎಂದು ಕೇಳುತ್ತಾರೆ, ದಾಕ್ಷಿಣ್ಯಕ್ಕೆ ಬಿದ್ದು ನಾನು ಒಪ್ಪುತ್ತೇನೆ ಎಂದು ಲೆಕ್ಕ ಹಾಕಿ ಡಬ್ಬಿಯನ್ನು ಕಾರಿನಲ್ಲೇ ಬಿಟ್ಟೆ. ಶಶಿಕಲಾ ಅದನ್ನು ಹುಡುಕಿ ತೆಗೆದು, ಮಗಳೊಂದಿಗೆ ಹಂಚಿಕೊಂಡು, ಖಾಲಿ ಡಬ್ಬಿಯಲ್ಲಿ ನೀರುದೋಸೆ ತುಂಬಿಸಿ ವಾಪಸು ಕಳಿಸಿದಳು. ಕುಲಕರ್ಣಿ ಹೆಸರು ಬದಲಿಸುವ ಮಾತೇ ಎತ್ತಲಿಲ್ಲ. ಎತ್ತದೆ ಇದ್ದದ್ದು ನನಗೆ ಇನ್ನಷ್ಟು ತಲೆನೋವಾಯಿತು.

ಫೈನಲ್ಲಿನಲ್ಲಿ ನನ್ನವಳೂ ಅವರವಳೂ ಎದುರೆದುರು. ಶಶಿಕಲಾ ನನ್ನನ್ನು ಒಂದು ಮಾತೂ ಕೇಳದೆ ಕುಲಕರ್ಣಿ ದಂಪತಿಗಳನ್ನು ಊಟಕ್ಕೆ ಕರೆದುಬಿಟ್ಟಳು. ಶತ್ರುವನ್ನು ಸೋಫಾದ ಮೇಲೆ ಕೂರಿಸಿಕೊಂಡು, ತಿಳಿಸಾರು ಬಡಿಸಿ, ಪಂದ್ಯ ನೋಡಬೇಕಾದ ಗತಿ ನನ್ನದಾಯಿತು. ಮೊದಲ ಸೆಟ್ಟು ಅವರವಳದು. ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ಎರಡನೆಯದು ನನ್ನವಳದು. ಮೂರನೆಯದರಲ್ಲಿ ಅವರವಳು ಕುರ್ಚಿಯಿಂದ ತೊಡೆಯ ಮೇಲೆ ಕೈಯೂರಿ ಎದ್ದಳು. ನಾನು "ಮುಗೀತು!" ಎಂದು ಚೀರಿದೆ. ಅದಾಗಿ ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಮುಗಿಯಿತು. ಗೆದ್ದ ನನ್ನವಳು ಹುಲ್ಲಿನ ಮೇಲೆ ಮಂಡಿಯೂರಿ ಅಳುತ್ತಿದ್ದಳು, ಶಶಿಕಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಕುಲಕರ್ಣಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತನ್ನವಳು ಸೋತಾಗ ಚಪ್ಪಾಳೆ ತಟ್ಟುವವನನ್ನು ನೀವಾದರೂ ನಂಬುತ್ತೀರಾ?

ಹೆಂಗಸರಿಬ್ಬರೂ ತಟ್ಟೆ ತೊಳೆಯಲು ಒಳಗೆ ಹೋದ ಮೇಲೆ ಕುಲಕರ್ಣಿ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದರು: "ಡಾಕ್ಟರ, ಡಿಸೆಂಬರಿನ ಮೊದಲಿನ ಎರಡು ವಾರ ತಗೊಂಡ್ಬಿಡ್ರಿ. ನಿಮಗ ಅದ ಛಲೋ. ಕ್ರಿಸ್‌ಮಸ್ ತಗೊಂಡು ಏನ್ ಮಾಡ್ತೀರಿ?"

ಆಗ ನನಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಯಿತು. ನಗದೆ ಇದ್ದದ್ದು, ಹೋಳಿಗೆ, ಚಪ್ಪಾಳೆ, ಎಲ್ಲ ಈ ಒಂದು ಮಾತಿಗಾಗಿ. ಇಡೀ ವಿಭಾಗ ಬಾಯಿ ಬಾಯಿ ಬಿಡುವುದು ಕ್ರಿಸ್‌ಮಸ್ ವಾರಗಳಿಗೆ. ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಯಾರಿಗೂ ಬೇಡವಾದದ್ದನ್ನು ನನ್ನ ತಲೆಗೆ ಕಟ್ಟುವ ಹುನ್ನಾರ. "ನೋಡೋಣ" ಎಂದೆ, ತುಂಬ ನಯವಾಗಿ. ಸೋಮವಾರ ಬೆಳಿಗ್ಗೆ ಬಾಸ್ ಎಲ್ಲರೆದುರು ನನ್ನ ಕೈಕುಲುಕಿ ಕೇಳಿದಾಗ, ಎದೆಯುಬ್ಬಿಸಿ, ಕ್ರಿಸ್‌ಮಸ್ಸೂ ಹೊಸ ವರ್ಷವೂ ಎಂದು ಹೇಳಿದೆ. ಕುಲಕರ್ಣಿಯ ಹುಬ್ಬು ಮೇಲೇರಿತು. ಎರಡನೆಯ ಸರದಿ ಅವರದು. ಅವರು ಡಿಸೆಂಬರಿನ ಮೊದಲೆರಡು ವಾರ ಕೇಳಿದರು. ನನಗೆ ಬಡಿಸಲು ಬಂದದ್ದನ್ನು ತಾವೇ ಉಣ್ಣಬೇಕಾಯಿತಲ್ಲ ಪಾಪ ಎಂದು ನನಗೆ ಒಳಗೊಳಗೇ ನಗು ಬಂತು.

ಸಂಜೆ ಮನೆಗೆ ಬಂದವನೇ, ಶಶಿಕಲಾಳಿಗೂ ಹೇಳದೆ, ಉಡುಪಿಗೆ ಫೋನು ಹಚ್ಚಿ ಅವಳಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಅಲ್ಲಿ ಆಗಲೇ ಎಲ್ಲರೂ ಮಲಗುವ ಸಮಯ. ಮಾವನವರು ಸಂತೋಷದಿಂದಲೇ ಎತ್ತಿಕೊಂಡರು. ಡಿಸೆಂಬರ್ ಇಪ್ಪತ್ತಕ್ಕೆ ಹೊರಟು ಬರುತ್ತೇವೆ, ಇನ್ನು ಮುಹೂರ್ತ ನೋಡಿಸಿ ಎಂದು ನಾನು ಗೆದ್ದ ದನಿಯಲ್ಲಿ ಹೇಳಿದೆ. ಆ ಕಡೆಯಿಂದ ಮಾವನವರು ನಿಧಾನವಾಗಿ, "ಇಪ್ಪತ್ತಕ್ಕೆ ಧನುರ್ಮಾಸ ಅಲ್ವಾ? ಆವಾಗ ಬೆಳಿಗ್ಗೆ ಎದ್ದು ದೇವಸ್ಥಾನಕ್ಕೆ ಹೋಗಿ ಹುಗ್ಗಿ ತಿನ್ಲಿಕ್ಕೆ ಆಗ್ತದೆ. ಮದುವೆ ಮಾಡ್ಲಿಕ್ಕೆ ಉಂಟಾ?" ಎಂದರು.

ಧನುರ್ಮಾಸ. ಮೈಸೂರಿನಲ್ಲಿ ಹುಟ್ಟಿ ಬೆಳೆದವನು ನಾನು. ಮೈಕೊರೆಯುವ ಚಳಿಯಲ್ಲಿ ಅಜ್ಜಿಯ ಕೈ ಹಿಡಿದು ಹುಗ್ಗಿಗಾಗಿ ಗುಡಿಯ ಸಾಲಿನಲ್ಲಿ ನಿಂತವನು. ಆ ತಿಂಗಳು ಮದುವೆ ಮುಂಜಿ ಇಲ್ಲವೆಂದು ಮಕ್ಕಳಿಗೂ ಗೊತ್ತು. ಜಗತ್ತಿನ ಮಂಡಿಗಳನ್ನೆಲ್ಲ ಅನುಮಾನಿಸಿದ ನನಗೆ ಪಂಚಾಂಗದ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಶಶಿಕಲಾ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ಹಾಗಾದ್ರೆ ಇದೂ ಕ್ಯಾಸೆಟ್ಟಿನಲ್ಲೇ" ಎಂದಷ್ಟೇ ಹೇಳಿದಳು. ಆಮೇಲೆ ಎದ್ದು ಕಾರಿನ ಕೀ ತೆಗೆದುಕೊಂಡು, "ಏಳಿ, ಕುಲಕರ್ಣಿಯವರ ಮನೆಗೆ ಹೋಗುವ" ಎಂದಳು.

ದಾರಿಯುದ್ದಕ್ಕೂ ಏನು ಹೇಳಿ ಬೇಡುವುದೆಂದು ಮಾತು ಕೂಡಿಸುತ್ತಿದ್ದೆ. ಬಾಗಿಲು ತೆಗೆದ ಕುಲಕರ್ಣಿ ನನ್ನ ಮುಖ ನೋಡಿ, ನಾನು ಬಾಯಿ ತೆರೆಯುವ ಮೊದಲೇ, "ಬರ್ರಿ ಬರ್ರಿ, ನಾಳೆ ಬರ್ತೀರಿ ಅಂತ ಮಾಡಿದ್ದೆ, ಇವತ್ತ ಬಂದ್ರಿ" ಎಂದರು. ಮದುವೆಯ ಸುದ್ದಿ ಶಶಿಕಲಾಳಿಂದ ಅವರ ಹೆಂಡತಿಗೆ ಮೊದಲೇ ಗೊತ್ತಿತ್ತಂತೆ. ಬೇರೆಯವರು ಹಿಡಿದುಬಿಟ್ಟರೆ ಕಷ್ಟವೆಂದು ಆ ಎರಡು ವಾರಗಳನ್ನು ಅವರು ನಮಗಾಗಿಯೇ ಹಿಡಿದಿಟ್ಟಿದ್ದರಂತೆ. ಅವರಿಗೆ ಬೇಕಾಗಿದ್ದದ್ದು ಮಕ್ಕಳ ಶಾಲೆಗೆ ರಜೆಯಿರುವ ಕ್ರಿಸ್‌ಮಸ್ಸೇ. ಎರಡನ್ನೂ ಅಲ್ಲೇ ಅದಲುಬದಲು ಮಾಡಿಕೊಂಡೆವು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಅಲ್ಲ ಕುಲಕರ್ಣಿಯವರೇ, ಅವತ್ತೇ ಧನುರ್ಮಾಸ ಅಂತ ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರ ನಂಬ್ತಿದ್ರೇನ್ರಿ?" ಎಂದರು ಅವರು. ಶಶಿಕಲಾ ಆ ಮನೆಯ ಗೋಡೆ ಅಲ್ಲಾಡುವಂತೆ ನಕ್ಕಳು.

ವಾಪಸು ಬರುವಾಗ ಅವಳೇ ಕಾರು ನಡೆಸುತ್ತಿದ್ದಳು. ಮದುವೆಗೆ ಉಡಬೇಕಾದ ಸೀರೆಗಳ ಬಗ್ಗೆ ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರಲ್ಲ, ಯಾಕಿರಬಹುದು?" ಎಂದೆ.

ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಅವಳು ನನ್ನ ಕಡೆ ತಿರುಗಿದಳು. "ನಂಗೆ ಸಂಬಂಧ ನೋಡುವಾಗ ಮಂಗಳೂರಿನ ಬ್ಯಾಂಕಿನವರಿದ್ರು, ಮಣಿಪಾಲದ ದೊಡ್ಡ ಡಾಕ್ಟರ ಮಗ ಇದ್ದ. ಊರಿಡೀ ಅವರ ಹೆಸರೇ ಹೇಳ್ತಿತ್ತು. ಅಪ್ಪ ಅವರನ್ನೆಲ್ಲ ಬಿಟ್ಟು, ಯಾರಿಗೂ ಗುರ್ತ ಇಲ್ಲದ, ಘಟ್ಟದ ಮೇಲಿನ, ಇನ್ನೂ ಕೆಲಸ ಸಿಗದ ನಿಮ್ಮನ್ನು ಎಲ್ಲರಿಗಿಂತ ಮೊದಲೇ ಆರಿಸಿದ್ರು. ಒಬ್ಬರತ್ರವೂ ವಿಚಾರಿಸ್ಲಿಲ್ಲ. ಯಾಕೆ ಅಂತ ನಾನು ಕೇಳಿದ್ದೇನಾ ಮಾರಾಯ್ರೆ?"

ಅಷ್ಟು ಬೇಗ, ಅಷ್ಟು ಧೈರ್ಯವಾಗಿ ನನ್ನ ಹೆಸರು ಹೇಳಿದ ಮಾವನವರು ಕೊನೆಗೆ ಗೆದ್ದರೋ ಸೋತರೋ ಎಂದು ಅವಳನ್ನೇ ಕೇಳಿಬಿಡೋಣವೆನ್ನಿಸಿತು. ದೀಪ ಹಸಿರಾಯಿತು. ಆ ಪ್ರಶ್ನೆ ಬಿಟ್ಟು, ಧಾರೆಗೆ ಯಾವ ಸೀರೆ ಉಡುತ್ತೀಯ ಎಂದು ಕೇಳಿದೆ.