ಹಾಸಿಗೆ ಅಂಗಡಿಯಲ್ಲೊಂದು ಡೈವಿಂಗ್ ವಾಚು

ಮಾವನವರು ತಮ್ಮ ಹಳೆಯ ಡೈವಿಂಗ್ ವಾಚನ್ನು ಕಿರಿಯ ಅಳಿಯನಿಗೆ ಕೊಟ್ಟರು ಎಂಬ ಸುದ್ದಿಯನ್ನು ಹೆಂಡತಿ ಹೇಳಿದ್ದು ಹಿರಿಯ ಅಳಿಯ ಊಟಕ್ಕೆ ಕೂತಿದ್ದಾಗ. ಹೇಳಿ, ಏನೂ ಆಗಿಲ್ಲವೆಂಬಂತೆ ಇನ್ನೊಂದಿಷ್ಟು ಬಡಿಸಿದಳು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ.

ಹಿರಿಯ ಅಳಿಯನೆಂದರೆ ದಾರಿಯಲ್ಲಿ ಹೋಗುವ ದಾಸಯ್ಯನಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಮಾರುಕಟ್ಟೆ ಬೀದಿಯಲ್ಲಿ ಅವನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ತಕ್ಕಡಿ ತಟ್ಟೆಗಳ ತಳಕ್ಕೆ ಅಂಟಿಸಿದ್ದ ಮೇಣ ತಾನಾಗಿಯೇ ಕಳಚಿ ಬೀಳುತ್ತಿತ್ತು (ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ). ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಸುಳ್ಳು ವರದಿಗೆ ಸಹಿ ಹಾಕಿದವನಲ್ಲ. ಇಂಥ ಮಹನೀಯನಿಗೆ ಬಡ್ತಿ ಬಂದಾಗ ಮಾವನವರು ಕೊಟ್ಟದ್ದು ಒಂದು ಕೊಡೆ. ಅದೂ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಜಾತಿಯದಲ್ಲ, ಕೈಯಿಂದ ತಳ್ಳಿ ಬಿಚ್ಚಬೇಕಾದದ್ದು.

ಇನ್ನು ಆ ಕಿರಿಯ ಅಳಿಯ, ಅಂದರೆ ಇವನ ಷಡ್ಡಕ, ಹಾಸಿಗೆ ವ್ಯಾಪಾರಿ. ದಿನವಿಡೀ ಹಾಸಿಗೆಗಳ ನಡುವೆ ಕೂತು, ಗಿರಾಕಿ ಬಂದರೆ ಎದ್ದು ನಿಂತು, 'ಒಂದ್ಸಲ ಮಲಗಿ ನೋಡಿ ಸಾರ್' ಎನ್ನುವುದು ಅವನ ಉದ್ಯೋಗ. ನೀರು ಕಂಡರೆ ಕೈಕಾಲು ನಡುಗುವ ಪ್ರಾಣಿ. ಮಳೆ ಬಂದು ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ಅಂಗಡಿಯಲ್ಲೇ ಉಳಿದುಬಿಡುವವನು. ಇನ್ನೂರು ಮೀಟರ್ ಆಳಕ್ಕೂ ಹೆದರದ ವಾಚು ಹೋಗಿ ಹೋಗಿ ಅವನ ಕೈ ಸೇರಬೇಕೆ? ಎರಡನೆಯ ಅಂಗಡಿ ತೆರೆದ ಸಂತೋಷಕ್ಕೆ ಕೊಟ್ಟರಂತೆ.

ಮಾವನವರು ಬಂದರಿನಲ್ಲಿ ಮೂವತ್ತು ವರ್ಷ ಮುಳುಗುಗಾರರಾಗಿದ್ದವರು. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಸಿಕ್ಕಿಕೊಂಡ ಸರಪಳಿ ಬಿಡಿಸುವುದು, ನೀರಿಗೆ ಬಿದ್ದ ಸಾಮಾನು ಹುಡುಕಿ ತೆಗೆಯುವುದು, ಇದೆಲ್ಲ ಅವರ ಕೆಲಸ. ಆ ವಾಚು ಅವರ ಕೈಯಲ್ಲಿದ್ದಷ್ಟು ಕಾಲ ತೀರಿಹೋದ ಅತ್ತೆಯವರ ಕೈಯೂ ಅವರ ಕೈಯಲ್ಲಿರಲಿಲ್ಲವೆಂದು ಮನೆಮಂದಿಯೆಲ್ಲ ತಮಾಷೆ ಮಾಡುತ್ತಿದ್ದರು. ಅದು ಎಂದಾದರೊಂದು ದಿನ ತನ್ನ ಮಣಿಕಟ್ಟಿಗೆ ಬರುತ್ತದೆಂದು ಇನ್ಸ್‌ಪೆಕ್ಟರು ಮದುವೆಯಾದಂದಿನಿಂದ ಕಾದಿದ್ದ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

"ನಿಮಗೂ ಒಂದು ವಾಚಿದೆಯಲ್ಲ" ಎಂದಳು ಹೆಂಡತಿ.

"ಅದು ಬ್ಯಾಟರಿದು."

"ಆದರೇನು, ಟೈಮು ಅದೇ ತಾನೇ ತೋರ್ಸೋದು?"

ಇನ್ಸ್‌ಪೆಕ್ಟರು ಕೈ ತೊಳೆದು ಎದ್ದ. ಅವನಿಗೆ ಹೊಟ್ಟೆಕಿಚ್ಚಾಗಿತ್ತು. ಅದನ್ನು ಬೇಸರ, ಅಜೀರ್ಣ, ತತ್ತ್ವನಿಷ್ಠೆ ಎಂದೆಲ್ಲ ಹೆಸರಿಟ್ಟು ಕರೆದು ನೋಡಿದ. ಯಾವ ಹೆಸರಿಗೂ ಅದು ಓಗೊಡಲಿಲ್ಲ. ಕೈ ಒರೆಸಿಕೊಳ್ಳುತ್ತಿದ್ದಾಗ ತಲೆಯಲ್ಲಿ ಒಂದು ದಿವ್ಯವಾದ ಯೋಚನೆ ಹೊಳೆಯಿತು. ಆ ವಾಚು ನಕಲಿಯಾಗಿದ್ದರೆ? ಹಳೆಯ ಡೈವಿಂಗ್ ವಾಚುಗಳಲ್ಲಿ ನಕಲಿಗಳ ಕಾಟ ವಿಪರೀತವೆಂದು ಎಲ್ಲೋ ಓದಿದ್ದ. ಸುಳ್ಳು ತೂಕ ಹಿಡಿಯುವವನಿಗೆ ಸುಳ್ಳು ವಾಚು ಹಿಡಿಯುವುದು ಯಾವ ಮಹಾ ಕೆಲಸ?

ಮರುದಿನ ಸಂಜೆ ಆಫೀಸು ಬಿಟ್ಟವನೇ ಲೆನ್ಸ್ ತಾತನ ಅಂಗಡಿಗೆ ಹೋದ. ಲೆನ್ಸ್ ತಾತನೆಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಒಂದು ಮೇಜಿನಷ್ಟು ಜಾಗದಲ್ಲಿ ವಾಚು ರಿಪೇರಿ ಮಾಡುವ ಮುದುಕ. ಬಲಗಣ್ಣಿಗೆ ಸಿಕ್ಕಿಸಿಕೊಂಡ ಕಪ್ಪು ಲೆನ್ಸನ್ನು ಊಟಕ್ಕೆ ಹೋದಾಗಲೂ ತೆಗೆಯುತ್ತಿರಲಿಲ್ಲವಂತೆ. ಮೂರು ವಾರ ಇನ್ಸ್‌ಪೆಕ್ಟರು ಆ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು ವಿದ್ಯಾಭ್ಯಾಸ ಮಾಡಿದ. ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೂ ಅಂಕೆಗಳಿಗೂ ಹಚ್ಚಿದ ಬಣ್ಣ ಇಷ್ಟು ವರ್ಷಗಳಾದ ಮೇಲೆ ಹಳದಿಗೆ ತಿರುಗಿರಬೇಕು, ಎರಡೂ ಕಡೆ ಒಂದೇ ಹಳದಿ ಇರಬೇಕು, ಹೊಳೆಯುವ ಶಕ್ತಿ ಸತ್ತಿರಬೇಕು. ಹಳೆಯ ವಾಚೆಂದು ಹೇಳಿಕೊಂಡು ಕತ್ತಲಲ್ಲಿ ಜಗ್ಗನೆ ಬೆಳಗಿದರೆ ಅನುಮಾನಪಡಬೇಕು. ಮೇಲಿನ ತಿರುಗುವ ಬಳೆ ಬಿಸಿಲು ಬಿದ್ದ ಕಡೆ ಹೆಚ್ಚು, ಬೀಳದ ಕಡೆ ಕಡಿಮೆ ಮಾಸಿರಬೇಕು. ಎಲ್ಲ ಕಡೆ ಅಚ್ಚುಕಟ್ಟಾಗಿ ಮಾಸಿದ್ದರೆ ಯಾರೋ ಕೂತು ಮಾಸಿಸಿದ್ದಾರೆಂದೇ ಅರ್ಥ. ಹಿಂಭಾಗದ ಅಕ್ಷರಗಳು ಆಳವಾಗಿ, ಚೂಪಾಗಿ ಕೊರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೆನ್ನು ಬಿಚ್ಚಿ ಯಂತ್ರ ನೋಡದೆ ಬಾಯಿ ಬಿಡಬಾರದು.

"ನಿಮಗ್ಯಾಕೆ ಸ್ವಾಮಿ ಇದೆಲ್ಲ, ಕೊಳ್ತೀರಾ?" ಎಂದು ತಾತ ಒಮ್ಮೆ ಕೇಳಿದ. ಸತ್ಯದ ಹುಡುಕಾಟವೆಂದು ಇನ್ಸ್‌ಪೆಕ್ಟರು ಉತ್ತರಿಸಿದ.

ಸತ್ಯವನ್ನು ಹುಡುಕಲು ಅವನು ಮೊದಲು ಹೋದದ್ದು ಹಾಸಿಗೆ ಅಂಗಡಿಗೆ. ಭಾವ ಬಂದರೆಂದು ಷಡ್ಡಕ ಎದ್ದು, ಕುರ್ಚಿಯಿಲ್ಲದ ಕಾರಣ ಕೂರಲು ಒಳ್ಳೆಯ ಹಾಸಿಗೆಯನ್ನೇ ತೋರಿಸಿದ. ವಾಚು ಕೇಳಿದ್ದೇ ತಡ, ಬಿಚ್ಚಿ ಕೊಟ್ಟ. ಇನ್ಸ್‌ಪೆಕ್ಟರು ಅದನ್ನು ಹಿಡಿದು, ಬೆಳಕು ಜಾಸ್ತಿಯಾಯಿತೆಂದು ಗೊಣಗುತ್ತ ಹಿಂದಿನ ಗೋದಾಮಿಗೆ ನುಗ್ಗಿ, ಎರಡು ಡಬಲ್ ಹಾಸಿಗೆಗಳ ಮಧ್ಯೆ ತಲೆ ತೂರಿಸಿ, ಉಸಿರು ಬಿಗಿಹಿಡಿದು ನೋಡಿದ. ಕಡುಗತ್ತಲು. ವಾಚು ಹೊಳೆಯಲಿಲ್ಲ. ಅವನ ಎದೆ ಅಲ್ಲೇ ಅರ್ಧ ಕುಸಿಯಿತು. ಈ ನಡುವೆ ಗಿರಾಕಿ ದಂಪತಿಗಳು ಅಲ್ಲಿಗೆ ಬಂದು, ಹಾಸಿಗೆಗಳ ನಡುವಿನಿಂದ ಹೊರಗೆ ಚಾಚಿದ್ದ ಎರಡು ಕಾಲುಗಳನ್ನು ಕಂಡು ಹಿಂದೆ ಸರಿದರು. ಷಡ್ಡಕ ಅವರಿಗೆ, ನಮ್ಮ ಭಾವ, ದೊಡ್ಡ ಅಧಿಕಾರಿಗಳು, ಹಾಸಿಗೆಯ ದಪ್ಪ ಅಳೆಯುತ್ತಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದ್ದು ಒಳಗೆ ಕೇಳಿಸಿತು. ಅವರು ಎರಡು ಹಾಸಿಗೆ ಕೊಂಡುಹೋದರು.

ಸರ್ವಿಸ್ ಮಾಡಿಸಿ ಕೊಡುತ್ತೇನೆಂದು ಹೇಳಿ ವಾಚನ್ನು ಜೇಬಿಗಿಳಿಸಿದ ಇನ್ಸ್‌ಪೆಕ್ಟರು ನೇರವಾಗಿ ಮೆಟ್ಟಿಲ ಕೆಳಗೆ ಬಂದ. ತಾತ ಹಳದಿ ನೋಡಿದ, ಒಂದೇ ಹಳದಿ. ಬಳೆ ನೋಡಿದ, ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪು. ಅಕ್ಷರದ ಮೇಲೆ ಉಗುರು ಆಡಿಸಿ ತಲೆದೂಗಿದ. ತಾತ ಒಂದೊಂದು ಸಲ ತಲೆದೂಗಿದಾಗಲೂ ಇನ್ಸ್‌ಪೆಕ್ಟರು ಇನ್ನೊಮ್ಮೆ ಸರಿಯಾಗಿ ನೋಡಿ ಎನ್ನುತ್ತಿದ್ದ. ಕಡೆಗೆ ಬೆನ್ನು ಬಿಚ್ಚಿದ ತಾತ ಮುಚ್ಚಳವನ್ನು ದೀಪಕ್ಕೆ ಹಿಡಿದ. ಮುಚ್ಚಳದ ಒಳಬದಿಯಲ್ಲಿ, ಸೂಜಿಯಿಂದ ಗೀಚಿದ ಸಣ್ಣ ಸಣ್ಣ ಗೀರುಗಳಿದ್ದವು. ರಿಪೇರಿ ಮಾಡಿದ ಪ್ರತಿಯೊಬ್ಬನೂ ತಾರೀಖು ಮತ್ತು ಗುರುತು ಗೀಚಿಡುವುದು ಈ ಕಸುಬಿನ ವಾಡಿಕೆ.

"ಇದು ನನ್ನ ಗುರುತು" ಎಂದ ತಾತ. "ಮೂವತ್ತೊಂದು ವರ್ಷದ ಹಿಂದಿಂದು. ಈ ವಾಚು ನನ್ನ ಕೈಲೇ ಹಾದುಹೋಗಿದೆ ಸ್ವಾಮಿ. ಇದಕ್ಕಿಂತ ಅಸಲಿ ಇನ್ನೊಂದು ಸಿಗಲ್ಲ."

ತಾತನ ಒಂದು ಕಣ್ಣು ಒದ್ದೆಯಾಗಿತ್ತು. ಇನ್ಸ್‌ಪೆಕ್ಟರ ಎರಡೂ ಕಣ್ಣು ಒದ್ದೆಯಾಗಿದ್ದವು, ಆದರೆ ಕಾರಣ ಬೇರೆ. ಒಂದಾದರೂ ಖೋಟಾ ಭಾಗ ಇರಬಹುದೇ, ಸಣ್ಣದಾದರೂ ಪರವಾಗಿಲ್ಲ, ಎಂದು ಅವನು ಅಂಗಲಾಚಿ ಕೇಳಿದ. ಗಾಜು ಒಂದು ಸಲ ಬದಲಾಗಿದೆ, ಗಾಜು ಒಡೆಯುವ ವಸ್ತು, ಬದಲಾಗಲೇಬೇಕು ಎಂದ ತಾತ. ಮುಳುಗುವವನಿಗೆ ಅಷ್ಟು ಸಾಕಾಯಿತು. ಗಾಜು ಅಸಲಿಯಲ್ಲ, ಗಾಜು ಅಸಲಿಯಲ್ಲ ಎಂದು ಜಪಿಸುತ್ತ ಮನೆಗೆ ಬಂದ.

ಮುಂದಿನ ಭಾನುವಾರ ಮಾವನವರ ಮನೆಯಲ್ಲಿ ಎಲ್ಲರಿಗೂ ಊಟ. ಮಾವ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ಊಟ ಮುಗಿದು ಹಜಾರದಲ್ಲಿ ಕೂತಾಗ ಇನ್ಸ್‌ಪೆಕ್ಟರು ವಾಚನ್ನು ಷಡ್ಡಕನಿಗೆ ಹಿಂದಿರುಗಿಸಿ ಗಂಟಲು ಸರಿಪಡಿಸಿಕೊಂಡ. ಹೇಳುವುದಕ್ಕೆ ನೋವಾಗುತ್ತದೆ, ಆದರೆ ಕರ್ತವ್ಯ ಎಂದು ಶುರುಮಾಡಿದ. ಗಾಜಿನಿಂದ ಆರಂಭಿಸಿದವನು ಗಾಜಿನಲ್ಲೇ ನಿಲ್ಲಬಹುದಿತ್ತು. ಅಷ್ಟರಲ್ಲಿ ಹೆಂಡತಿಯ ತಂಗಿ ತನ್ನ ಗಂಡನ ಮಣಿಕಟ್ಟನ್ನು ಹಿಡಿದು, ವಾಚು ಕಟ್ಟಿದ ಮೇಲೆ ಇವರ ಕೈಗೆ ಒಂದು ಕಳೆ ಬಂದಿದೆಯಲ್ಲವೇ ಅಕ್ಕಾ ಎಂದಳು. ಅಕ್ಕ ಹೌದೆಂದಳು. ಆ 'ಹೌದು' ಇನ್ಸ್‌ಪೆಕ್ಟರ ಕರುಳಿಗೆ ಇಳಿಯಿತು.

"ವಾಚು ಪೂರ್ತಿ ನಕಲಿ" ಎಂದುಬಿಟ್ಟ.

ಷಡ್ಡಕ ವಾಚನ್ನು ಒಮ್ಮೆ ನೋಡಿಕೊಂಡು ಅಂಗಿಯ ತುದಿಯಿಂದ ಒರೆಸಿದ.

"ಹೋಗ್ಲಿ ಬಿಡಿ ಭಾವ. ಮಾವ ಕೈಯಾರೆ ಕೊಟ್ಟಿದ್ದಲ್ವಾ, ನನಗೆ ಅಸಲೀನೇ" ಎಂದ.

ಈ ಮಾತಿಗೆ ಮನೆಯವರೆಲ್ಲ ಅವನನ್ನು ನೋಡಿದ ರೀತಿ ಇತ್ತಲ್ಲ, ಅದನ್ನು ನೋಡಿ ಇನ್ಸ್‌ಪೆಕ್ಟರಿಗೆ ವಾಚಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಒಳ್ಳೆಯತನದ ಮೇಲೂ ಹುಟ್ಟಿತು. ಆ ಮಾತು ತನಗೇಕೆ ಹೊಳೆಯುವುದಿಲ್ಲ?

ಮಾವನವರು ಎದ್ದು ಒಳಕ್ಕೆ ಹೋಗಿ ಒಂದು ಸಣ್ಣ ತಗಡಿನ ಡಬ್ಬಿ ತಂದರು. ಒಳಗೆ ಇನ್ನೊಂದು ವಾಚು. ಅದೇ ಬಳೆ, ಅದೇ ಹಳದಿ, ತದ್ರೂಪು. ಅವರು ನಿಧಾನವಾಗಿ ವಿವರಿಸಿದರು. ನಲವತ್ತೇಳು ವರ್ಷದ ಹಿಂದೆ ಬಂದರಿನ ಒಂದು ಅಂಗಡಿಯಲ್ಲಿ, ಒಂದು ರಿಪೇರಿಗೆ ಹೋದಾಗ ಇನ್ನೊಂದು ಕೈಗಿರಲೆಂದು ಜೋಡಿ ಕೊಂಡಿದ್ದರು. ಅಳಿಯಂದಿರಿಗೆ ಒಂದೊಂದು ಎಂದು ಮೊದಲೇ ತೀರ್ಮಾನಿಸಿದ್ದರು. ಹಿರಿಯ ಅಳಿಯನದರ ಸ್ಪ್ರಿಂಗು ಮುರಿದು ರಿಪೇರಿಗೆ ಹೋಗಿತ್ತು, ನಿನ್ನೆಯಷ್ಟೇ ಬಂತು.

ಇನ್ಸ್‌ಪೆಕ್ಟರ ಕೈ ತಾನಾಗಿಯೇ ಮುಂದೆ ಬಂತು. ಮಾವನವರು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು. ಒಂದೇ ಅಂಗಡಿ, ಒಂದೇ ದಿನ ಕೊಂಡದ್ದು, ಅದು ನಕಲಿಯಾದರೆ ಇದೂ ನಕಲಿಯೇ, ಅಳತೆ ಇಲಾಖೆಯ ಅಳಿಯನ ಕೈಗೆ ನಕಲಿ ಮಾಲು ಕಟ್ಟುವಷ್ಟು ತಿಳಿಗೇಡಿ ತಾವಲ್ಲ ಎಂದರು. ಎಂದವರು ಎರಡನೆಯ ವಾಚನ್ನೂ ಷಡ್ಡಕನ ಬಲಗೈಗೆ ಕಟ್ಟಿದರು. ಅವನು ಎರಡು ಕೈಗಳನ್ನೂ ಮುಂದೆ ಚಾಚಿ, ಕೈದಿಯಂತೆ ಸಂಕೋಚಪಡುತ್ತ ಕೂತ.

ಇದೊಂದನ್ನು ಪರೀಕ್ಷಿಸದೆ ಹಾಗೆ ಹೇಳಲಾಗದು, ಎಲ್ಲವೂ ನಕಲಿಯೇ ಇರಬೇಕೆಂದೇನಿಲ್ಲ ಎಂದು ಇನ್ಸ್‌ಪೆಕ್ಟರು ತೊದಲಿದ. ಮಾವನವರು ಒಪ್ಪಲಿಲ್ಲ. ಬಿಳಿ ಹಾಳೆಯೊಂದನ್ನು ತಂದು ಅವನ ಮುಂದಿಟ್ಟರು.

"ಆ ಅಂಗಡಿಯವನ ಮಗ ಈಗಲೂ ಅಲ್ಲೇ ಕೂತಿದ್ದಾನೆ" ಎಂದರು. "ನಕಲಿ ಅಂತ ನಿಮ್ಮ ಇಲಾಖೆ ಧಾಟೀಲಿ ಬರ್ದು ಸಹಿ ಹಾಕ್ಕೊಡಿ. ನಾಳೆ ಬೆಳಿಗ್ಗೆ ಹೋಗಿ ಅವನ ಮುಖಕ್ಕೆ ಹಿಡೀತೀನಿ."

ಪೆನ್ನು ಹಿಡಿದದ್ದೇ ತಪ್ಪಾಯಿತು. ಬಾಯಿಗೆ ಸುಳ್ಳಿನ ಅಭ್ಯಾಸ ಎಲ್ಲರಿಗೂ ಅಷ್ಟಿಷ್ಟು ಇರುತ್ತದೆ. ಆದರೆ ಇಪ್ಪತ್ತಾರು ವರ್ಷ ಕಂಡದ್ದನ್ನು ಕಂಡಂತೆ ಬರೆದು ಸಹಿ ಹಾಕಿದ ಕೈ ಯಜಮಾನನ ಮಾತು ಕೇಳಲಿಲ್ಲ. 'ಪರೀಕ್ಷಿಸಿ ನೋಡಲಾಗಿ' ಎಂದು ಶುರುವಾದದ್ದು ನಿಲ್ಲದೆ ಓಡಿತು. ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಗಟ್ಟಿಯಾಗಿ ಓದತೊಡಗಿದಳು. ಪರೀಕ್ಷಿಸಿ ನೋಡಲಾಗಿ, ಸದರಿ ವಾಚಿನ ಗಾಜು ಹೊರತುಪಡಿಸಿ ಉಳಿದೆಲ್ಲ ಭಾಗಗಳೂ ಅಸಲಿ ಎಂದು ದೃಢಪಟ್ಟಿರುತ್ತದೆ. ಕೆಳಗೆ ಸಹಿ, ತಾರೀಖು, ಪದನಾಮ.

ಓದಿ ಮುಗಿಸಿದ ಮೇಲೆ ಅವಳು ಗಂಡನ ತಲೆಯನ್ನು ಮೇಲಿನಿಂದ ನೋಡಿದಳು. ತಲೆ ಮೇಲೇಳಲಿಲ್ಲ. ತನಗೆ ಹೊಟ್ಟೆ ಉರಿಯಿತು, ಅದಕ್ಕೆ ಹಾಗಂದೆ ಎಂದು ಇನ್ಸ್‌ಪೆಕ್ಟರು ಹಾಳೆಗೇ ಹೇಳುವಂತೆ ಹೇಳಿದ. ಷಡ್ಡಕ ಆತುರದಿಂದ ಬಲಗೈ ವಾಚು ಬಿಚ್ಚಿ, ತಗೊಳ್ಳಿ ಭಾವ, ಇದು ನಿಮ್ಮದೇ ಅಂದ. ಮಾವನವರು ನಡುವೆ ಕೈ ಚಾಚಿ ಅದನ್ನು ತಾವೇ ತೆಗೆದುಕೊಂಡರು.

"ನೀರೊಳಗೆ ಇನ್ನೆಷ್ಟು ಹೊತ್ತಿಗೆ ಗಾಳಿ ಮುಗಿಯತ್ತೆ ಅಂತ ನನಗೆ ಹೇಳ್ತಿದ್ದಿದ್ದು ಇವೆರಡೇ" ಎಂದರು. ಸಿಟ್ಟಿರಲಿಲ್ಲ. "ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಿದ್ರೂ ನಾನು ಮೇಲೆ ಬರ್ತಿರಲಿಲ್ಲ. ನನಗೆ ಈ ಮಕ್ಕಳಿರ್ತಿರಲಿಲ್ಲ, ನಿಮಗೆ ಹೆಂಡ್ತಿ ಇರ್ತಿರಲಿಲ್ಲ."

ಹಾಗೆಂದವರು ಹಿರಿಯ ಮಗಳನ್ನು ಹತ್ತಿರ ಕರೆದು, ಬಳೆಗಳನ್ನು ಹಿಂದೆ ಸರಿಸಿ, ವಾಚನ್ನು ಅವಳ ಕೈಗೆ ಕಟ್ಟಿದರು. ದೊಡ್ಡ ವಾಚು, ಸಣ್ಣ ಕೈ. ಪಟ್ಟಿಯ ಕೊನೆಯ ತೂತಿಗೆ ಸಿಕ್ಕಿಸಬೇಕಾಯಿತು. ಅವಳ ಕಣ್ಣು ತುಂಬಿಬಂತು. ಬರುವಾಗ ಸ್ಕೂಟರಿನ ಹಿಂದೆ ಕೂತವಳು ಗಂಡನ ಭುಜದ ಮೇಲಿಟ್ಟ ಕೈಯನ್ನು ದಾರಿಯುದ್ದಕ್ಕೂ ನೋಡಿಕೊಳ್ಳುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಮನೆಗೆ ಬಂದು ಅವಳು ಬೆಳಗಿನ ಪಾತ್ರೆಗಳನ್ನು ಸಿಂಕಿಗೆ ಹಾಕಿ ನಲ್ಲಿ ತಿರುಗಿಸಿದಳು. ವಾಚು ಕೈಯಲ್ಲೇ ಇತ್ತು. ಇನ್ಸ್‌ಪೆಕ್ಟರು ಅಡುಗೆಮನೆಯ ಬಾಗಿಲಿಗೆ ಬಂದು, ಅದನ್ನು ಬಿಚ್ಚಿಡಬಾರದೇ, ಬೇಕಾದರೆ ಅಲ್ಲಿಯವರೆಗೆ ತಾನು ಕಟ್ಟಿಕೊಂಡಿರುತ್ತೇನೆ ಎಂದ.

"ಸಮುದ್ರದಲ್ಲಿ ಇದ್ದು ಬಂದಿದ್ದಕ್ಕೆ ನಲ್ಲಿ ನೀರು ಏನ್ ಮಾಡತ್ತೆ ರೀ" ಎನ್ನುತ್ತ ಅವಳು ಸೋಪಿನ ನೊರೆಯಲ್ಲಿ ಮೊಣಕೈವರೆಗೂ ಕೈ ಮುಳುಗಿಸಿದಳು.

ಅವನು ಬಾಗಿಲಲ್ಲೇ ನಿಂತು ಆ ಕೈ ಮುಳುಗುವುದನ್ನೂ ಏಳುವುದನ್ನೂ ನೋಡಿದ. ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು, ಈ ಸಲ ಕಟ್ಟಿಕೊಂಡ ಹೆಂಡತಿಯ ಮೇಲೆ. ಆ ವಾಚು ನಕಲಿ ಕಣೇ ಎಂದು ಹೇಳಿ ಒಂದಿಷ್ಟು ಸಮಾಧಾನ ಪಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಅಸಲಿ ಎಂದು ಬರೆದ ಹಾಳೆಯನ್ನು ಅವಳು ನಾಲ್ಕು ಮಡಿಕೆ ಮಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿಯಾಗಿತ್ತು, ಅದರ ಕೆಳಗಿದ್ದದ್ದು ಇವನದೇ ಸಹಿ.