ಹಿಂದಿನ ಸೀಟಿನ ಝುಕೀನಿ

ಇಷ್ಟಕ್ಕೆಲ್ಲ ಕಾರಣ ಒಂದು ಚೀಲ ಝುಕೀನಿ. ಸೌತೆಕಾಯಿಯ ದೊಡ್ಡಣ್ಣನಂತಿರುವ ಈ ಕಾಯಿ ಆಗಸ್ಟ್ ಬಂತೆಂದರೆ ನೆಬ್ರಾಸ್ಕಾದ ಹಾರ್ಲೋ ಊರಿನ ಹಿತ್ತಲುಗಳಲ್ಲೆಲ್ಲ ಮಿತಿಮೀರಿ ಬಿಡುತ್ತದೆ. ತಿಂದು ತೀರದು, ಯಾರಿಗಾದರೂ ಕೊಡೋಣವೆಂದರೆ ಅವರ ಮನೆಯಲ್ಲೂ ಅದೇ ಗೋಳು. ಅದಕ್ಕೇ ಊರಲ್ಲೊಂದು ರೂಢಿ: ಬೀಗ ಹಾಕದ ಗಾಡಿ ಕಂಡರೆ ಹಿಂದಿನ ಸೀಟಿನಲ್ಲಿ ಒಂದು ಚೀಲ ಇಟ್ಟು, ತಿರುಗಿ ನೋಡದೆ ನಡೆದುಬಿಡುವುದು. ಹೀಗಾಗಿ ವರ್ಷವಿಡೀ ಬೀಗ ಕಾಣದ ಕಾರುಗಳು ಆಗಸ್ಟಿನಲ್ಲಿ ಮಾತ್ರ ಭದ್ರವಾಗಿರುತ್ತವೆ.

ಊರಿನ ಗುಮಾಸ್ತ ಡೆಲ್ಮರ್ ಕುಚೇರಾನಿಗೆ ಅಂದು ಬೆಳಿಗ್ಗೆ ಅದೃಷ್ಟ ಖುಲಾಯಿಸಿತ್ತು. ಚರ್ಚಿನ ಪಕ್ಕ ಧೂಳು ಹಿಡಿದ ಪಿಕಪ್ ಒಂದು ಬೀಗವಿಲ್ಲದೆ ನಿಂತಿತ್ತು. ಪರಊರಿನದು, ಎಂದರೆ ಹಿಂತಿರುಗಿಸುವ ಭಯವೂ ಇಲ್ಲ. ಚೀಲ ಇಟ್ಟು ಹಗುರಾಗಿ ಕಚೇರಿಗೆ ನಡೆದ.

ತಲೆಯ ಮೇಲಿನ ದೊಡ್ಡ ಭಾರ ಬೇರೆಯೇ ಇತ್ತು. ಊರಿನ ಒಂದೇ ಕಿರಾಣಿ ಅಂಗಡಿ ಮುಚ್ಚಿ ಎರಡು ವರ್ಷ. ಹಾಲು ಬೇಕೆಂದರೂ ಮೂವತ್ತೆಂಟು ಮೈಲಿ ಹೋಗಬೇಕು. ಅವನ ಹೆಂಡತಿ ಆರ್ಲಿಸ್‌ಗೆ ಕಣ್ಣು ಮಂಜಾಗಿ ಕಾರು ಓಡಿಸುವುದು ನಿಂತಿತ್ತು. "ನೋಡು ಡೆಲ್ಮರ್, ಅಂಗಡಿ ಬಂದ್ರೆ ಇರ್ತೀನಿ. ಬರಲಿಲ್ವಾ, ಅಕ್ಟೋಬರ್‌ಗೆ ಲಿಂಕನ್ ಪಟ್ಟಣದಲ್ಲಿರೋ ತಂಗಿ ಮನೆಗೆ ಹೋಗ್ತೀನಿ. ಒಂದು ಮೊಟ್ಟೆಗೂ ನಿನ್ನ ದಾರಿ ಕಾದು ಕಾದು ಸಾಕಾಗಿದೆ," ಎಂದಿದ್ದಳು. ಅರವತ್ತನಾಲ್ಕು ವರ್ಷ ಹಾರ್ಲೋದಲ್ಲೇ ಬದುಕಿದ ಡೆಲ್ಮರ್‌ಗೆ ಊರು ಬಿಡುವುದೂ ಆಗದು, ಅವಳನ್ನು ಬಿಡುವುದೂ ಆಗದು.

ಹಾರ್ಲೋ ಅಥವಾ ಪಕ್ಕದ ಕಾಟನ್‌ವುಡ್, ಎರಡರಲ್ಲಿ ಒಂದಕ್ಕೆ ಸರ್ಕಾರ ಅಂಗಡಿ ಹಾಕಿಸಿಕೊಡಲಿತ್ತು. ಯಾವ ಊರಿನ ಕಷ್ಟ ಹೆಚ್ಚೆಂದು ಅಳೆಯಲು ವಿಶ್ವವಿದ್ಯಾಲಯದಿಂದ ಟೆಸ್ಸಾ ವಿಟ್‌ಲೋ ಎಂಬ ಸಂಶೋಧಕಿ ಅಂದೇ ಬರುವವಳಿದ್ದಳು. ಊರುಗಳ ನಡುವಿನ ದೂರ, ಜನ, ವ್ಯಾಪಾರ ಇವುಗಳ ಲೆಕ್ಕವೇ ಅವಳ ಶಾಸ್ತ್ರ.

ಅವಳು ಬರುವ ಮುಂಚೆಯೇ ಡೆಲ್ಮರ್ ಮನೆಮನೆಗೆ ಹೋಗಿ ಕೈಮುಗಿದು ಕೇಳಿಕೊಂಡ. "ಸುಳ್ಳು ಹೇಳಿ ಅಂತಿಲ್ಲ. ಇವತ್ತೊಂದು ದಿನ ಮನೇಲಿ ತಿನ್ನೋಕೆ ಇರೋದನ್ನ ಆಕೆಗೆ ತೋರಿಸಬೇಡಿ, ಅಷ್ಟೆ."

"ಮನೆಗೆ ಬಂದೋರನ್ನ ಬರೀ ಹೊಟ್ಟೇಲಿ ಕಳಿಸೋದಾ? ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ," ಎಂದಳು ಚರ್ಚಿನ ಅಡುಗೆಮನೆಯ ಯಜಮಾನಿ ವರ್ನಾ.

ಹತ್ತಕ್ಕೆ ಟೆಸ್ಸಾ ನಡೆದುಕೊಂಡೇ ಕಚೇರಿಗೆ ಬಂದಳು. ಆಗಲೇ ಊರಿನ ಮನೆಗಳನ್ನೆಲ್ಲ ಎಣಿಸಿ ಮುಗಿಸಿದ್ದಳಂತೆ. ಹತ್ತೂಕಾಲಿಗೆ ವರ್ನಾ ಚೆರ್ರಿ ಹಣ್ಣು ತುಂಬಿ ಬೇಯಿಸಿದ ಮೂರು ಪೈ ಹೊತ್ತು ಬಂದಳು.

"ಚೆರ್ರಿ ಡಬ್ಬದ್ದು ಮೇಡಂ," ಎಂದ ಡೆಲ್ಮರ್ ಅವಸರದಿಂದ.

"ಡಬ್ಬದ್ದಾ? ಹಾಗನ್ನೋಕೆ ಬಾಯಾದ್ರೂ ಹೇಗೆ ಬಂತು ಡೆಲ್ಮರ್? ನನ್ನ ಹಿತ್ತಲ ಮರದ್ದು. ಬೇಕಿದ್ರೆ ಮರ ತೋರಿಸ್ತೀನಿ ಬನ್ನಿ," ಎಂದು ವರ್ನಾ ಅವಳ ಕೈಹಿಡಿದು ಕರೆದೊಯ್ದಳು. ಟೆಸ್ಸಾ ಮರ ನೋಡಿದಳು, ಬರೆದುಕೊಂಡಳು. ಹೋದಲ್ಲೆಲ್ಲ ಯಾರೋ ಮೊಟ್ಟೆ ಕೊಟ್ಟರು, ಯಾರೋ ಜೋಳ ಬೇಯಿಸಿ ಬೆಣ್ಣೆ ಸವರಿ ಕೊಟ್ಟರು. ಡೆಲ್ಮರ್ ಹಿಂದೆ ಹಿಂದೆ ಓಡಿ, "ಇದು ಅಪರೂಪಕ್ಕೆ ಮೇಡಂ, ಇದೂ ಅಪರೂಪಕ್ಕೇ," ಎನ್ನುತ್ತ ಬೆವರಿದ.

ನಾಲ್ಕು ಗಂಟೆಗೆ ಅವಳು ಪೆನ್ನು ಹಿಡಿದು ನಿಂತಳು. "ಪೈ, ಮೊಟ್ಟೆ ನನ್ನ ಲೆಕ್ಕಕ್ಕಿಲ್ಲ, ಅದು ಅತಿಥಿ ಸತ್ಕಾರ. ಎರಡೂ ಊರು ಸಮಸಮ ಇವೆ ಕುಚೇರಾ ಅವರೇ. ಉಳಿದದ್ದು ಒಂದೇ ಪ್ರಶ್ನೆ. ಕಾರು ಓಡಿಸಲಾಗದವರಿಗೆ ತಾಜಾ ತರಕಾರಿ ಸಿಗೋ ದಾರಿ ಈ ಊರಲ್ಲಿ ಇದೆಯಾ?"

"ಇಲ್ಲ," ಎಂದ ಡೆಲ್ಮರ್. ಆಮೇಲೆ ಆರ್ಲಿಸ್‌ಳ ಕಣ್ಣಿನ ವಿಷಯ, ಲಿಂಕನ್ನಿನ ವಿಷಯ ಎಲ್ಲ ಹೇಳಿಬಿಟ್ಟ. ಟೆಸ್ಸಾಳ ಕಣ್ಣು ತೇವವಾಯಿತು. "ಗಾಡಿ ತನಕ ಬನ್ನಿ, ಅಲ್ಲೇ ಬರೆದು ಸಹಿ ಹಾಕ್ತೀನಿ," ಎಂದಳು.

ವರ್ನಾ ಉಳಿದ ಪೈ ಹಿಡಿದು ಜೊತೆಗೆ ಹೊರಟಳು. ಟೆಸ್ಸಾ ಚರ್ಚಿನತ್ತ ತಿರುಗಿದಾಗಲೇ ಡೆಲ್ಮರ್‌ಗೆ ಗೊತ್ತಾಗಿಹೋಯಿತು. ಧೂಳು ಹಿಡಿದ ಅದೇ ಪಿಕಪ್. ಬಾಗಿಲು ತೆಗೆದರೆ ಹಿಂದಿನ ಸೀಟೇ ಕಾಣುತ್ತಿಲ್ಲ. ಹನ್ನೊಂದು ಚೀಲ ಝುಕೀನಿ.

"ಬೆಳಿಗ್ಗೆ ಖಾಲಿ ಇತ್ತು," ಎಂದಳು ಟೆಸ್ಸಾ ನಿಧಾನವಾಗಿ.

"ಯಾರೋ ಮರೆತು ಇಟ್ಟಿರಬೇಕು ಮೇಡಂ."

ಅವಳು ಒಂದು ಚೀಲ ಎತ್ತಿದಳು. ಅದರ ಮೇಲೆ ಹಳೆಯ ಅಂಚೆ ಪಾರ್ಸೆಲಿನ ವಿಳಾಸದ ಚೀಟಿ ಇನ್ನೂ ಅಂಟಿಕೊಂಡಿತ್ತು: ಡೆಲ್ಮರ್ ಕುಚೇರಾ, ಹಾರ್ಲೋ.

"ನಮ್ಮೂರಲ್ಲಿ ಯಾವಾಗ್ಲೂ ಹೀಗೇ ಮೇಡಂ," ಎಂದಳು ವರ್ನಾ ಹೆಮ್ಮೆಯಿಂದ. "ಕೇಳೋದೇ ಬೇಡ, ತಾನಾಗೇ ಬರುತ್ತೆ. ಎಲ್ಲರಿಗಿಂತ ಮೊದಲು ಕೊಡೋ ಕೈ ಇವನದೇ."

ಟೆಸ್ಸಾ ಚೀಲ ಕೆಳಗಿಟ್ಟಳು. "ಕಾಟನ್‌ವುಡ್‌ನಲ್ಲಿ ನಿನ್ನೆ ಇಡೀ ದಿನ ಇದೇ ಗಾಡಿ ನಿಲ್ಲಿಸಿದ್ದೆ. ಒಂದು ಎಲೆಯೂ ಇರಲಿಲ್ಲ. ಕಂಡದ್ದನ್ನ ಬರೀದೆ ಇರೋಕೆ ನನ್ನಿಂದ ಆಗಲ್ಲ, ಕ್ಷಮಿಸಿ," ಎಂದು ಹಾಳೆ ತುಂಬಿದಳು. ತರಕಾರಿ: ಇದೆ. ದೂರ: ಸೊನ್ನೆ ಮೈಲಿ.

"ಕಾಟನ್‌ವುಡ್‌ನೋರು ಮೊದಲಿಂದಲೂ ಜಿಪುಣರು," ಎಂದಳು ವರ್ನಾ.

ಡೆಲ್ಮರ್ ಮನೆಗೆ ಬಂದು ಟೋಪಿ ತೆಗೆದು ಕೂತ. ನಡೆದದ್ದನ್ನು ಮುಚ್ಚಿಡಲಿಲ್ಲ. "ಅಂಗಡಿ ಕಾಟನ್‌ವುಡ್ ಪಾಲಾಯ್ತು, ನನ್ನ ಕೈಯಾರೆ ಹಾಳು ಮಾಡಿದೆ ಆರ್ಲಿಸ್. ಬೈಯೋದಿದ್ರೆ ಬೈದುಬಿಡು."

ಆರ್ಲಿಸ್ ಬೈಯಲಿಲ್ಲ. "ಚರ್ಚಿನ ಪಕ್ಕ ನಿಂತಿತ್ತಲ್ಲ, ಆ ಪಿಕಪ್ಪಾ?" ಎಂದಳು.

"ಅದೇ."

"ಗೋಡೆ ತಡವಿಕೊಂಡು ಹೋಗಿ ನಾನೂ ಎರಡು ಚೀಲ ಇಟ್ಟು ಬಂದೆ."

ಇಬ್ಬರೂ ಕಿಟಕಿಯಾಚೆ ಹಿತ್ತಲನ್ನೇ ನೋಡುತ್ತ ಕೂತರು. ಬೆಳಿಗ್ಗೆಯಷ್ಟೇ ಕಾಯಿ ಕಿತ್ತ ಗಿಡದಲ್ಲಿ ಆಗಲೇ ಮತ್ತೆ ನಾಲ್ಕು ಕಾಯಿ ಬಿಟ್ಟಿದ್ದವು.

"ಲಿಂಕನ್‌ನಲ್ಲಿ ವರ್ಷವಿಡೀ ಕಾರಿಗೆ ಬೀಗ ಹಾಕ್ತಾರಂತೆ ಡೆಲ್ಮರ್. ಅಲ್ಲಿ ಹೋಗಿ ಯಾರಿಗೆ ಕೊಡೋದು?" ಎನ್ನುತ್ತಲೇ ಆರ್ಲಿಸ್ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಅಕ್ಟೋಬರಿಗೆಂದು ಮೊದಲ ಸ್ವೆಟರನ್ನು ಅದರೊಳಗೆ ಮಡಚಿಟ್ಟಳು.