ತೊಂಬತ್ತೈದರ ಪೆಟ್ರೋಲು ಮತ್ತು ನಮ್ಮ ಕಾಕಾ

೨೦೦೪ರಲ್ಲಿ, ಒಂಬತ್ತನೆಯ ತರಗತಿ ಅರ್ಧಕ್ಕೆ ಬಂದಾಗ, ನಾನು ಶಾಲೆ ಬಿಟ್ಟೆ. ನಮ್ಮ ಕಾಕಾನಿಗೆ ಬಿಡುವ ತಾಪತ್ರಯವೇ ಬರಲಿಲ್ಲ. ಅವನು ಶಾಲೆಯ ಕಟ್ಟೆಯನ್ನೇ ಹತ್ತಿದವನಲ್ಲ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಲ್ಲಿ ಪೆಟ್ರೋಲಿನ ವಿಷಯದಲ್ಲಿ ಅವನನ್ನು ಮೀರಿಸುವ ಪಂಡಿತ ಇನ್ನೊಬ್ಬನಿಲ್ಲ! ಹಾಗೆಂದು ಹೇಳುವವನೂ ಅವನೊಬ್ಬನೇ, ಆ ಮಾತು ಬೇರೆ.

ನನ್ನ ಬಗ್ಗೆಯೂ ಎರಡು ಮಾತು ಹೇಳಿಕೊಳ್ಳುತ್ತೇನೆ. ಶಾಲೆ ಬಿಟ್ಟ ಮೇಲೆ ಕಬ್ಬು ಕಡಿದೆ, ಇಟ್ಟಂಗಿ ಹೊತ್ತೆ, ಕಂಡವರ ಟ್ರ್ಯಾಕ್ಟರ್ ಹೊಡೆದೆ. ಈಗ ನಮ್ಮೂರು ಮೇಲವಂಕಿಯಲ್ಲಿ ನನ್ನದೇ ಒಂದು ಸಣ್ಣ ಪಿಕಪ್ ಇದೆ, ಪೆಟ್ರೋಲಿನದು. ಬದನೆಯಿರಲಿ, ಹಸಿಮೆಣಸಿನಕಾಯಿ ಇರಲಿ, ಯಾರ ಹೊಲದ್ದಾದರೂ ಸಂತೆಗೆ ಮುಟ್ಟಿಸುವುದು ನನ್ನ ಕೆಲಸ. ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಮೊದಲಿನಿಂದ ಕೊನೆಯ ಪುಟದವರೆಗೆ ಓದಿದ್ದೇನೆ. ಬಾಳಿನಲ್ಲಿ ನಾನು ಪೂರ್ತಿ ಓದಿ ಮುಗಿಸಿದ ಪುಸ್ತಕ ಅದೊಂದೇ, ಹಾಗಾಗಿ ಅದರ ಮೇಲೆ ನನಗೆ ಭಾರಿ ಅಭಿಮಾನ. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ಈ ಎಂಜಿನ್ನಿಗೆ ತೊಂಬತ್ತೊಂದು ಆಕ್ಟೇನಿನ ಸಾದಾ ಪೆಟ್ರೋಲು ಸಾಕು. ಸಾಕು ಎಂದರೆ ಸಾಕು ತಾನೆ? ನಿಮಗೆ, ನನಗೆ, ಗಾಡಿ ಮಾಡಿದವರಿಗೆ ಸಾಕು. ನಮ್ಮ ಕಾಕಾನಿಗೆ ಸಾಲದು!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಆಯುಷ್ಯವೆಲ್ಲ ಎತ್ತು ಕಟ್ಟಿ ಬದುಕಿದವನು. ಎತ್ತುಗಳು ಮುಪ್ಪಾಗಿ ಹೋದ ಮೇಲೆ ಅವುಗಳ ಕೊಟ್ಟಿಗೆಯಲ್ಲಿ ನನ್ನ ಪಿಕಪ್ ನಿಂತಿತು. ಅಂದಿನಿಂದ ಅವನ ಲೆಕ್ಕದಲ್ಲಿ ಅದೂ ಒಂದು ದನ. ಬಾಜೂ ಸೀಟಿಗೆ ಹತ್ತಿ ಕೂತು, ತಲೆಯ ಪಟಕಾ ಸರಿಮಾಡಿಕೊಂಡು, "ನಡಿಯಪಾ ನನ್ನ ರಾಜಾ" ಎನ್ನುತ್ತಾನೆ. ನನಗೆ ಹೇಳಿದ್ದು ಅಂತ ತಿಳಿದಿರಾ? ಗಾಡಿಗೆ!

ಒಮ್ಮೆ ಹುಕ್ಕೇರಿ ಸಂತೆಗೆ ಹೊರಟಾಗ, ಬೆಲ್ಲದ ಬಾಗೇವಾಡಿಯ ಹೊರಗೆ ರಸ್ತೆಯ ಮೇಲಿರುವ ಪಂಪಿನಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿ ಎರಡು ಬಗೆಯ ಪೆಟ್ರೋಲು, ಎರಡು ದರ. ಕಾಕಾ ಕೆಳಗಿಳಿದ.

"ಇದರ ದರಾ ಯಾಕ ಹೆಚ್ಚೈತಿ?"

ಪಂಪಿನವನು, "ಅದು ತೊಂಬತ್ತೊಂದ್ರಿ ಅಜ್ಜಾರ, ಇದು ತೊಂಬತ್ತೈದು" ಎಂದ.

ಕಾಕಾ ನನ್ನತ್ತ ತಿರುಗಿದ. "ಕೇಳಿದ್ಯೋ ತಮ್ಮಾ? ಅದು ಬರೇ ಕಣಕಿ. ಇದು ಹಿಂಡಿ, ಹತ್ತಿಕಾಳು! ಹೇರೂದು ನೋಡಿದ್ರ ಗುಡ್ಡದಷ್ಟ ಹೇರ್ತಿ, ಹಾಕೂದು ಕಣಕಿ. ದುಡಿಯೂ ದನಕ್ಕ ಹಿಂಗ ಮೋಸಾ ಮಾಡ್ತಾರೇನೋ?"

ಕಣಕಿ ಎಂದರೆ ಜೋಳದ ಒಣದಂಟು. ಆ ಮಾತು ಬಂದರೆ ಕಾಕಾನ ಮೈ ಉರಿಯುತ್ತದೆ, ಅದಕ್ಕೊಂದು ಕಥೆಯಿದೆ. ಅವನ ಒಬ್ಬಳೇ ಮಗಳನ್ನು ಕೊಟ್ಟಿರುವುದು ಇದೇ ಬೆಲ್ಲದ ಬಾಗೇವಾಡಿಗೆ. ಮದುವೆಯ ದಿನ ಬೀಗರು ನಮ್ಮ ಕೊಟ್ಟಿಗೆಯಲ್ಲಿ ಇಣುಕಿ, ಸುಮ್ಮನೆ ಚೇಷ್ಟೆಗೆ, "ಏನ್ರಿ ಬೀಗರ, ಎತ್ತಿಗೆ ಬರೇ ಕಣಕೀನ ಹಾಕ್ತೀರೇನು? ಎಲುಬ ಎಣಸಾಕ ಬರತಾವಲ್ಲರೀ!" ಎಂದುಬಿಟ್ಟರು. ಅಷ್ಟೇ! ಕಾಕಾ ಅಕ್ಷತೆಯ ಕೈಯಲ್ಲೇ ಆಣೆ ಹಾಕಿದ: "ನೀವಾಗಿ ಬಂದ ಕರೆಯೂತನಾ ನಿಮ್ಮ ಮನಿ ಹೊಸ್ತಿಲಾ ತುಳದ್ರ ನಾ ನಮ್ಮಪ್ಪನ ಮಗಾನ ಅಲ್ಲ!"

ಬೀಗರೇನು ಕಡಿಮೆಯವರೇ? "ಮಗಳು ತವರಿಗೆ ಬರಬೇಕಂದ್ರ ತಂದೀನ ಬಂದು ಕರಕೊಂಡ ಹೋಗ್ಲಿ" ಎಂದು ಅವರೂ ಬಿಗಿದರು. ಇವನು ಹೊಸ್ತಿಲು ತುಳಿಯಲೊಲ್ಲ, ಅವರು ಕಳಿಸಲೊಲ್ಲರು. ಎರಡು ನಾಗರಪಂಚಮಿ ಬಂದು ಹೋದವು. ಕಾಕಾನ ಮಗಳು, ನಮ್ಮ ತಂಗಿ, ಜೋಕಾಲಿ ಜೀಕಲು ತವರಿಗೆ ಬರಲಿಲ್ಲ. ಅವಳ ಫೋನು ಬಂದಾಗಲೆಲ್ಲ ಕಾಕಾ ಪಡಸಾಲೆಯಿಂದಲೇ, "ಆರಾಮ ಅದಾಳೇನ ಕೇಳು" ಎಂದು ಕೂಗುತ್ತಿದ್ದ. ಕಾಕಿ ಫೋನು ಕೈಗೆ ಕೊಡಲು ಹೋದರೆ, "ಒಲ್ಲೆ, ನನಗ ಕಿವಿ ಸರಿ ಕೇಳೂದಿಲ್ಲ" ಎನ್ನುತ್ತಿದ್ದ. ಆ ಕಿವಿ ಕೇಳದ ಮನುಷ್ಯ ನಾನು ಸಾದಾ ಪೆಟ್ರೋಲು ಹಾಕಿಸಿದ ದಿನ, ಗಾಡಿ ಓಣಿಯ ತುದಿಯಲ್ಲಿ ಇರುವಾಗಲೇ, "ಎಂಜಿನ್ ಕೆಮ್ಮಾಕತ್ತೈತಿ" ಎಂದು ಕಂಡುಹಿಡಿಯುತ್ತಿದ್ದ!

ಸರಿ, ಮುದುಕನ ಹಟ, ತೊಂಬತ್ತೈದೇ ಹಾಕಿಸೋಣ ಎಂದುಕೊಂಡೆ. ಅದು ಗೋಕಾಕದಲ್ಲೂ ಸಿಗುತ್ತದಲ್ಲ? "ಬ್ಯಾಡ. ಗೋಕಾಕದ್ದು ಫಾಲ್ಸಿನ ಥಂಡಿ ಹಿಡದು ನೀರ ನೀರ ಆಗಿರತೈತಿ." ಮೂಡಲಗಿಯಲ್ಲಿ? "ಅಲ್ಲೀದು ಎರಿ ಭೂಮಿ. ನೆಲದಾಗಿನ ಟಾಕಿ ಕಾಯತೈತಿ, ಸತ್ವಾ ಹಾರಿ ಹೋಗತೈತಿ." ಹಾಗಾದರೆ ಎಲ್ಲಿಯದು ಸರಿ? ಆ ಹುಕ್ಕೇರಿ ರಸ್ತೆಯದೇ! ಗೋಕಾಕದ ಸಂತೆ ಮನೆ ಬಾಗಿಲಲ್ಲಿರುವಾಗ, ವಾರಕ್ಕೊಮ್ಮೆ ನಾನು ಹುಕ್ಕೇರಿಗೆ ಹೇರು ಹುಡುಕಿಕೊಂಡು ಹೋಗಬೇಕಾಯಿತು. ಪೆಟ್ರೋಲು ತರಲು ಪೆಟ್ರೋಲು ಸುಡುವ ವ್ಯವಹಾರವನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಅಲ್ಲಿಗೂ ಮುಗಿಯುತ್ತಿರಲಿಲ್ಲ. ಪಂಪು ಬಂದ ಕೂಡಲೇ ಕಾಕಾ ಇಳಿದುಬಿಡುತ್ತಿದ್ದ. "ನೀ ಸಂತಿಗೆ ಹೋಗಿ ಮಾಲ ಇಳಿಸಿ ಬಾ. ನಾ ಇಲ್ಲೆ ಪೆಟ್ರೋಲ ಹೆಂಗೈತಿ ನೋಡ್ತೇನಿ." ನಾನು ಹುಕ್ಕೇರಿ ಮುಟ್ಟಿ, ಮಾಲು ಇಳಿಸಿ, ತಿರುಗಿ ಬರುವಷ್ಟು ಹೊತ್ತು ಅವನು ಪಂಪಿನ ಬೇವಿನ ಗಿಡದ ಕೆಳಗೆ ಕೂತು ಪೆಟ್ರೋಲು ನೋಡುತ್ತಿದ್ದ! ಪೆಟ್ರೋಲಿನಲ್ಲಿ ನೋಡುವುದೇನಿರುತ್ತದೆ? ಅದೇನು ಸಿನೆಮಾವೇ? ದಾರಿಯಲ್ಲಿ ಖಾನಾವಳಿಗೆ ಕರೆದರೆ ಅಲ್ಲಿಗೂ ಬರುತ್ತಿರಲಿಲ್ಲ. "ನನಗ ಹಸವಿಲ್ಲ. ಚಲೋ ಪೆಟ್ರೋಲದ ವಾಸನಿಗೇನ ಹೊಟ್ಟಿ ತುಂಬತೈತಿ."

ಕೊನೆಗೆ ಬೇಸತ್ತು ಅವನನ್ನು ಮೂಡಲಗಿಯ ಗಾಡಿ ರಿಪೇರಿಯ ಮಿಸ್ತ್ರಿಯ ಮುಂದೆ ಕೂರಿಸಿದೆ. ಮಿಸ್ತ್ರಿ ಸಮಾಧಾನದಿಂದಲೇ ಶುರುಮಾಡಿದ: "ನೋಡ್ರಿ ಕಾಕಾರ, ಈ ನಂಬರ ಶಕ್ತೀದಲ್ಲ, ತಾಳ್ಮೀದು. ಎಂಜಿನ್ ಪೆಟ್ರೋಲನ್ನ ಒತ್ತತೈತಿ. ಕಿಡಿ ಬರೂತನಾ ಅದು ತಾಳಬೇಕು, ಅವಸರಾ ಮಾಡಿ ಮೊದಲ ಸಿಡೀಬಾರದು. ದೊಡ್ಡ ದೊಡ್ಡ ಗಾಡಿ ಭಾಳ ಒತ್ತತಾವು, ಅವಕ್ಕ ತೊಂಬತ್ತೈದು ಬೇಕು. ನಿಮ್ಮದು ಅಷ್ಟ ಒತ್ತೂದಾ ಇಲ್ಲ, ತೊಂಬತ್ತೊಂದು ಸಾಕು."

"ತಾಳ್ಮಿ ಹೆಚ್ಚಿದ್ರ ಚಲೋ ಅಲ್ಲೇನ?"

"ಚಲೋ ಖರೆ, ನಿಮ್ಮ ಗಾಡಿಗೆ ಬೇಕಾಗಿಲ್ಲ."

"ಚಲೋ ಅಂತ ನೀನಾ ಅಂದಿ."

"ಅಂದೆ, ಆದ್ರ..."

"ಆತಲ್ಲ ಮತ್ತ! ತಮ್ಮಾ, ನಡಿ ಹುಕ್ಕೇರಿಗೆ."

ಮಿಸ್ತ್ರಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದ. ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಂವ ಬರೇ ಎಂಬತ್ತು" ಎಂದ. ಅಂದಿನಿಂದ ಊರಿನ ಮನುಷ್ಯರಿಗೆಲ್ಲ ನಂಬರು ಬಂತು! ಕಾಕಿಗೆ ನೂರು. ನನಗೆ ಎಂಬತ್ತೇಳು, ಹಬ್ಬದ ದಿನ ಎಂಬತ್ತೆಂಟು. ಬೀಗರಿಗೆಷ್ಟು ಎಂದು ಕೇಳಿದೆ.

"ಅಂವಗ ನಂಬರಾ ಇಲ್ಲ. ಅಂವ ಚಿಮಣಿ ಬುಡ್ಡಿ ಎಣ್ಣಿ!"

ಎತ್ತುಗಳಿಗೆ ಸಿಂಗಾರ ಮಾಡುವ ಕಾರಹುಣ್ಣಿಮೆಯ ದಿನದ್ದು ಬೇರೆಯೇ ಪುರಾಣ. ಬೆಳಿಗ್ಗೆ ಎದ್ದು ನೋಡಿದರೆ ಪಿಕಪ್ಪಿನ ಬಂಪರಿಗೆ ಕೆಂಪು ಬಣ್ಣ, ಎರಡೂ ಕನ್ನಡಿಗಳಿಗೆ ಗೊಂಡೆ, ನಂಬರ್ ಪ್ಲೇಟಿಗೆ ಅರಿಶಿಣದ ಭಂಡಾರ. ಇರಲಿ, ಚೆಂದವೇ ಕಾಣುತ್ತಿತ್ತು. ಆದರೆ ಕಾಕಾನ ಕೈಯಲ್ಲಿ ಗೊಟ್ಟ! ಎತ್ತಿನ ಬಾಯಿಗೆ ಔಷಧ ಸುರಿಯುವ ಬಿದಿರಿನ ಕೊಳವೆ. ಅದರ ತುಂಬ ಕುಸುಬಿ ಎಣ್ಣೆ, ಅರಿಶಿಣ. ಟಾಕಿಯ ಮುಚ್ಚಳ ಆಗಲೇ ತೆಗೆದಿತ್ತು. ನಾನು ಹಾರಿಬಿದ್ದು ಕೈ ಹಿಡಿದೆ.

"ಕಾಕಾ! ಗಾಡೀನ ಕೊಲ್ಲಾಕತ್ತೀ ಏನ?"

"ವರ್ಷಕ್ಕೊಮ್ಮಿ ಕೊಟ್ರ ಏನ ಆಗತೈತೋ? ದುಡಿಯೂದು ಅದು, ಉಣ್ಣೂದು ನೀನು!"

ಆ ಎಣ್ಣೆಯನ್ನು ಕೊನೆಗೆ ಹಿತ್ತಲ ಬಾಗಿಲ ತಿರುಗಣಿಗೆ ಹಾಕಿದೆವು. ಅಂದಿನಿಂದ ಆ ಬಾಗಿಲು ಒಂದು ದಿನವೂ ಕಿರ್ರ್ ಎಂದಿಲ್ಲ. ಕಾಕಾ ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನನಗೆ ತೋರಿಸುತ್ತಾನೆ.

ದೇವರು ನನ್ನ ಕಡೆಗೂ ಕಣ್ಣು ತೆರೆದ. ನಮ್ಮೂರಿನ ರಸ್ತೆಯಲ್ಲೇ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಹೊಸ ಪಂಪು ಶುರುವಾಯಿತು. ತೊಂಬತ್ತೈದೂ ಇತ್ತು! ನಾನು ಕುಣಿಯುವುದೊಂದು ಬಾಕಿ. ಪೂಜೆಯ ದಿನ ಮಾಲೀಕರೇ ಕಾಕಾನನ್ನು ಕರೆಸಿದರು. "ಬರ್ರಿ ಕಾಕಾರ, ಪೆಟ್ರೋಲ ಪಾರಖಿ ನೀವು. ಮೊದಲ ನೀವ ನೋಡಿ ಹೇಳ್ರಿ." ಅರ್ಧ ಊರೇ ಸುತ್ತ ನಿಂತಿತು. ಕಾಕಾ ಅಂಗೈಗೆ ಒಂದು ಹನಿ ಬಿಡಿಸಿಕೊಂಡ. ಮೂಸಿದ. ಕಣ್ಣು ಮುಚ್ಚಿದ. ಈಗ ಏನಾದರೂ ಕೊಂಕು ತೆಗೆಯುತ್ತಾನೆ, ದಿಕ್ಕು ಸರಿಯಿಲ್ಲ ಅನ್ನುತ್ತಾನೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಅವನು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

"ಚಲೋ ಐತಿ" ಎಂದ.

ಎತ್ತಾಗಲಿ, ಮೇವಾಗಲಿ, ಕಣ್ಣೆದುರಿನ ಒಳ್ಳೆಯದನ್ನು ಕೆಟ್ಟದ್ದು ಎಂದು ಹೇಳಿ ಅವನಿಗೆ ಗೊತ್ತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಮರುವಾರ ಹುಕ್ಕೇರಿಗೆ ಯಾರದೋ ಮೆಣಸಿನಕಾಯಿ ಹೇರು ತಾನಾಗಿಯೇ ಬಂತು. ಕಾಕಾ ಹತ್ತಲಿಲ್ಲ. "ಪೆಟ್ರೋಲ ಇಲ್ಲೇನ ಸಿಗತೈತಲ್ಲ. ನಾ ಬಂದೇನ ಮಾಡ್ಲಿ?" ಎಂದು ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತ. ಮುಂದಿನ ವಾರವೂ ಹಾಗೆಯೇ. ರೊಟ್ಟಿ ಅರ್ಧಕ್ಕೆ ಬಿಟ್ಟು ಏಳುತ್ತಾನೆ ಎಂದು ಕಾಕಿ ಗೊಣಗಿದಳು. ನನಗೋ ಖುಷಿ! ಬಾಜೂ ಸೀಟಿನಲ್ಲಿ ಮೆಣಸಿನಕಾಯಿಯ ಇನ್ನೊಂದು ಚೀಲ ಹಿಡಿಯುತ್ತಿತ್ತು.

ಆ ಎರಡನೆಯ ವಾರ ಗಾಲಿಗೆ ಗಾಳಿ ಕಡಿಮೆಯೆನಿಸಿ ಬಾಗೇವಾಡಿಯ ಪಂಪಿಗೆ ಗಾಡಿ ತಿರುಗಿಸಿದೆ. ಬೇವಿನ ಗಿಡದ ಕೆಳಗೆ ಒಂದು ಸ್ಕೂಟಿ ನಿಂತಿತ್ತು. ಪಕ್ಕದಲ್ಲಿ ನಮ್ಮ ತಂಗಿ. ಕೈಯಲ್ಲಿ ಸ್ಟೀಲಿನ ಡಬ್ಬಿ. ನನ್ನ ಗಾಡಿ ಕಂಡವಳೇ ಓಡಿಬಂದಳು. ನನ್ನನ್ನು ನೋಡಲಿಲ್ಲ, ಬಾಜೂ ಸೀಟಿನ ಕಿಡಕಿಯಲ್ಲಿ ಇಣುಕಿದಳು. ಅಲ್ಲಿ ಮೆಣಸಿನಕಾಯಿ ಚೀಲ ಕೂತಿತ್ತು.

"ಅಣ್ಣಾ, ಅಪ್ಪಾ ಇವತ್ತೂ ಬರಲಿಲ್ಲೇನ?"

ನಾನು ಎಂಜಿನ್ ಬಂದ್ ಮಾಡಿ ಕೆಳಗಿಳಿದೆ. ಅವಳೇ ಹೇಳಿದಳು: "ಹೋದ ವಾರಾನೂ ದಾರಿ ನೋಡಿ ಹೋದೆ. ಮೈಯಾಗ ಆರಾಮ ಅದಾನಿಲ್ಲೋ? ಮಾತೇನ ಜಾಸ್ತಿ ಆಡೂದಿಲ್ಲಣ್ಣಾ, ಬರೇ ಪೆಟ್ರೋಲದ್ದ ಹೇಳ್ತಾನು. ನನ್ನ ಸ್ಕೂಟಿಗೂ ತೊಂಬತ್ತೈದ ಹಾಕಸ್ತಾನು. ಪಂಪಿಗೆ ಹೊಸ್ತಿಲಾ ಇಲ್ಲಲ್ಲವಾ, ಇಲ್ಲಿ ಉಂಡ್ರ ಆಣಿ ಮುರಿಯೂದಿಲ್ಲ ಅಂತಾನು." ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದಳು. ಸಿಹಿ ಮಾದಲಿ ಇತ್ತು, ಮೇಲೆ ತುಪ್ಪ.

ಮನೆಗೆ ಬಂದೆ. ಕಾಕಾ ಕಂಬಕ್ಕೆ ಒರಗಿದ್ದ ಹಾಗೆಯೇ ಇದ್ದ. ನಾನು ಬಾನೆಟ್ ತೆರೆದೆ, ನಿಟ್ಟುಸಿರು ಬಿಟ್ಟೆ.

"ಕಾಕಾ, ನಮ್ಮೂರ ಪೆಟ್ರೋಲ ಈ ಗಾಡಿಗೆ ಆಗಿಬರವಲ್ದು. ಎಂಜಿನ್ ಕೆಮ್ಮಾಕತ್ತೈತಿ. ಆ ಹುಕ್ಕೇರಿ ರಸ್ತೇದಾ ಬೇಕು ಕಾಣತೈತಿ."

ಅವನು ನನ್ನ ಮುಖ ನೋಡಿದ. ಎಂಜಿನ್ನು ಕೆಮ್ಮುತ್ತಿರಲಿಲ್ಲ ಎಂಬುದು ಆ ಕಿವಿಗೆ ಗೊತ್ತಾಗದೇ ಇರುತ್ತದೆಯೇ? ಮೆಲ್ಲಗೆ ಎದ್ದ, ಪಟಕಾ ಝಾಡಿಸಿದ.

"ಬಡಕೊಂಡೆ ನಾ! ಸಾಲಿ ಬಿಟ್ಟಾವರ ಬುದ್ಧೀನ ಇಷ್ಟ. ಪುಸ್ತಕಾ ಓದಿದನಂತ ಪುಸ್ತಕಾ!" ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. "ಹೋಗ್ಲಿ, ಇವತ್ತಿಂದ ನೀನೂ ತೊಂಬತ್ತೈದು."

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಎಕರೆ ಹೊಲ. ಒಂಬತ್ತನೆಯ ತರಗತಿಯ ಅರ್ಧ ಓದು. ಕಿರ್ರ್ ಎನ್ನದ ಒಂದು ಬಾಗಿಲು. ಒಬ್ಬ ಕಾಕಾ. ಒಂದು ಪಿಕಪ್, ಅದರ ಟಾಕಿಯ ತುಂಬ, ಅದಕ್ಕೆ ಬೇಕಿಲ್ಲದ ತೊಂಬತ್ತೈದು.